ಏಳು ಮನೆಯ ರೊಟ್ಟಿ

ಶಹಾಪುರದ ಬೆಟ್ಟ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಹಾಗೆ ಕಂಡದ್ದು ಶ್ರಾವಣದ ಬೆಳಗುಗಳಲ್ಲಿ ಮಾತ್ರ. ಮೇಲೆ ತುಂತುರು ಮಳೆ, ಕೆಳಗೆ ಓಣಿಯ ಒಲೆಗಳ ಹೊಗೆ. ಆ ಹೊಗೆ ಮೇಲೇರಲಾರದೆ ಮಾಳಿಗೆಯ ಮಟ್ಟದಲ್ಲೇ ನಿಂತುಬಿಟ್ಟಾಗ ಬೆಟ್ಟದ ಕಾಲು, ನಡು ಎಲ್ಲ ಮರೆಯಾಗಿ ಮುಖವೊಂದೇ ಉಳಿಯುತ್ತಿತ್ತು. ನಾನು ಹೊಸ್ತಿಲ ಮೇಲೆ ಕೂತು ಆ ಮುಖ ನೋಡುತ್ತಿದ್ದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು. ಎಷ್ಟೋ ವರ್ಷಗಳಾದವು, ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ಸದ್ದು ಬರುತ್ತದೆ, ಆಮೇಲೆ ಬೆಟ್ಟ, ಕಡೆಗೆ ಅವ್ವನ ಕೈ.

ನಾವು ಶಹಾಪುರಕ್ಕೆ ಪರದೇಶದಿಂದ ಬಂದವರು. ನಗಬೇಡಿ. ನಮ್ಮ ಊರು ಡೋಣಿ ಹೊಳೆಯ ದಂಡೆಯ ಮೇಲೆ, ಬಂಡಿಯಲ್ಲಿ ಎರಡು ದಿನದ ದಾರಿ, ಅಷ್ಟೇ. ಆದರೆ ನಡುವೆ ಒಂದು ನಾಕಾ ಇತ್ತು. ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಕಟ್ಟಿಗೆ, ಅದರ ಪಕ್ಕ ಒಂದು ಚಪ್ಪರ, ಚಪ್ಪರದಲ್ಲಿ ಸುಂಕದವರು. ಆಚೆ ಮುಂಬಯಿ ಸರಕಾರ, ಈಚೆ ನಿಜಾಮರ ಸೀಮೆ. ಈಚೆಯದನ್ನು ನಮ್ಮೂರಿನವರು ಮೊಗಲಾಯಿ ಎನ್ನುತ್ತಿದ್ದರು. ನಾವು ಬರುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. ಆದರೂ ನಾಕಾ ಇತ್ತು, ಆಚೆಯ ರೂಪಾಯಿ ಬದಲಿಸಲು ಈಚೆ ವಟ್ಟ ಕೊಡಬೇಕಿತ್ತು, ಕಚೇರಿಯ ಬೋರ್ಡು ಉರ್ದುವಿನಲ್ಲಿತ್ತು. ಊರಲ್ಲಿ ನಾಲ್ಕು ಮಂದಿಗೆ ಕಾಗದ ಓದಿ ಹೇಳುತ್ತಿದ್ದ ನನ್ನ ಅಪ್ಪ ಇಲ್ಲಿ ಆ ಬೋರ್ಡಿನ ಕೆಳಗೆ ಅಕ್ಷರ ಬಾರದವನ ಹಾಗೆ ನಿಲ್ಲುತ್ತಿದ್ದ.

"ಇನ್ನ ಎಲ್ಲಾ ಒಂದ ದೇಶ ಆಗೈತಿ" ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ.

"ಒಂದ ಆಗಿದ್ರ ನಾಕಾದಾಗ ನನ್ನ ಗಂಟು ಯಾಕ ಬಿಚ್ಚಿಸಿದ್ರು?" ಎಂದು ಅವ್ವ ಕೇಳುತ್ತಿದ್ದಳು. ಅಪ್ಪ ಎದ್ದು ಅಂಗಡಿಗೆ ಹೋಗುತ್ತಿದ್ದ.

ಅಂಗಡಿ ಎಂದರೆ ಎತ್ತಿನ ಸಾಮಾನಿನದು. ಹಗ್ಗ, ಬಾರುಕೋಲು, ಗೆಜ್ಜೆಸರ, ಕೋಡಿಗೆ ಕಟ್ಟುವ ಬಣ್ಣದ ಗೊಂಡೆ. ಒಂದು ದಿನ ಕೆಂಭಾವಿ ಸಂತೆ, ಒಂದು ದಿನ ಸುರಪುರದ ಸಂತೆ, ಉಳಿದ ದಿನ ಶಹಾಪುರದ ಬಜಾರು. ನಮ್ಮೂರಿನಲ್ಲಿ ಅದೇ ಕಸುಬಿನವರು ಬಹಳ ಮಂದಿ ಇದ್ದರು, ಇಲ್ಲಿ ಕಡಿಮೆ. ಅದಕ್ಕೇ ಬಂದದ್ದು. ನಾನಾಗ ಎಂಟು ವರ್ಷದ ಹುಡುಗಿ.

ಆಗ ಅವ್ವನಿಗೆ ಹಬ್ಬಗಳು ಮುಖ್ಯವಾದವು. ಊರಲ್ಲಿದ್ದಾಗ ಹಬ್ಬ ಬಂದರೆ "ಅಯ್ಯ, ಮತ್ತ ಬಂತಾ" ಎಂದು ಸಿಡಿಮಿಡಿಗೊಳ್ಳುತ್ತಿದ್ದವಳು ಇಲ್ಲಿ ಹಬ್ಬಕ್ಕೆ ತಿಂಗಳಿರುವಾಗಲೇ ಬೆರಳು ಮಡಚುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಅವಳು ಕಾಯುತ್ತಿದ್ದದ್ದು ನಾಗರಪಂಚಮಿಯ ಹಿಂದಿನ ದಿನಕ್ಕೆ. ನಮ್ಮ ಊರಲ್ಲಿ ಅದು ರೊಟ್ಟಿ ಹಬ್ಬ. ಆ ದಿನ ಮನೆಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೆಳ್ಳನೆಯ ಜೋಳದ ರೊಟ್ಟಿ, ಪುಂಡಿಪಲ್ಲೆ, ಮಡಕಿಕಾಳು, ಬದನೆಕಾಯಿ, ಶೇಂಗಾದ ಹಿಂಡಿ. ಪ್ರತಿ ಮನೆಯಿಂದ ಪ್ರತಿ ಮನೆಗೆ ತಾಟು ಹೋಗಬೇಕು, ಪ್ರತಿ ಮನೆಯಿಂದಲೂ ಬರಬೇಕು. ಸಂಜೆಗೆ ಯಾರೂ ತಮ್ಮ ಮನೆಯ ರೊಟ್ಟಿ ತಿಂದಿರಬಾರದು. ಎಲ್ಲ ಬೇರೆಯವರ ಮನೆಯದೇ ಆಗಬೇಕು. ಹಾಗಾದರೆ ಹಬ್ಬ ಸರಿಯಾಗಿ ಆಯಿತು ಎಂದು ಲೆಕ್ಕ.

ಮೊದಲ ವರ್ಷ ಅವ್ವ ಕೋಳಿ ಕೂಗುವ ಮೊದಲೇ ಎದ್ದಳು. ನಮ್ಮ ಓಣಿಯಲ್ಲಿ ನಮ್ಮನ್ನು ಬಿಟ್ಟು ಏಳು ಮನೆ. ಏಳು ಮನೆಗೂ ಆಗುವಷ್ಟು ರೊಟ್ಟಿ ಬಡಿದಳು. ತಾಟಿನಲ್ಲಿ ರೊಟ್ಟಿ, ಪಲ್ಲೆ ಇಟ್ಟು, ಅಪ್ಪನ ಹಳೆಯ ಧೋತರದಿಂದ ಹರಿದ ಬಿಳಿ ಅರಿವೆ ಹೊದಿಸಿ, ಮೊದಲನೆಯದನ್ನು ನನ್ನ ಕೈಗೆ ಕೊಟ್ಟಳು. "ಪಕ್ಕದ ಆಯಿಗೆ ಕೊಟ್ಟ ಬಾ" ಎಂದಳು. ಏನು, ಎತ್ತ ಎಂದು ಹೇಳಿಕೊಡಲಿಲ್ಲ. ಊರಲ್ಲಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲವಲ್ಲ!

ವಯಸ್ಸಾದ ಹೆಂಗಸರನ್ನೆಲ್ಲ ನಾವು ಆಯಿ ಎನ್ನುತ್ತಿದ್ದೆವು, ನಮ್ಮ ಅಜ್ಜಿಯನ್ನೂ. ಪಕ್ಕದ ಆಯಿಯದು ಕುರಿ ಸಾಕುವ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇದ್ದವನು ಒಬ್ಬನೇ ಮಗ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿಗೆ ಕುರಿಯ ಗೊರಸು ಕೊಳೆಯುತ್ತವೆಂದು ಅವನು ಹಿಂಡು ಹೊಡೆದುಕೊಂಡು ಗುರುಮಠಕಲ್ ಕಡೆಯ ಕೆಂಪು ನೆಲಕ್ಕೆ ಹೋಗಿದ್ದ. ಎರಡು ತಿಂಗಳಿಂದ ಸುದ್ದಿ ಇರಲಿಲ್ಲ. ಆಯಿ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ನನ್ನ ಕೈಯಲ್ಲಿನ ತಾಟು ನೋಡಿದಳು, ಬಿಳಿ ಅರಿವೆ ನೋಡಿದಳು. ನೂಲುವ ಕೈ ನಿಂತಿತು.

"ಏನದು?"

"ರೊಟ್ಟಿ. ಅವ್ವ ಕೊಟ್ಟ ಕಳಿಸ್ಯಾಳ."

"ನಮ್ಮ ಮನಿಗಿ ಯಾಕ ರೊಟ್ಟಿ?" ಅವಳ ದನಿ ಬದಲಾಗಿತ್ತು. "ಗುರುಮಠಕಲ್‌ನಿಂದ ಸುದ್ದಿ ಬಂದದೇನು? ಖರೇ ಹೇಳು. ಬಂದದೇನು?"

ದೊಡ್ಡವರು ಗದರಿಸಿ ಕೇಳಿದರೆ ಹೂಂ ಅನ್ನಬೇಕು, ನನಗೆ ಗೊತ್ತಿದ್ದದ್ದು ಅಷ್ಟೇ. "ಹೂಂ" ಅಂದೆ.

ಆಮೇಲಿನದು ನನಗೆ ನೆನಪಿದೆಯೋ, ಕನಸಿನಲ್ಲಿ ಕಂಡು ಸೇರಿಸಿಕೊಂಡಿದ್ದೇನೋ ತಿಳಿಯದು. ಆಯಿ ಬಾಯಿ ತೆರೆದದ್ದು ಕಾಣುತ್ತದೆ, ದನಿ ಬಹಳ ಹೊತ್ತಿನ ಮೇಲೆ ಕೇಳುತ್ತದೆ. ಅವಳು ಎದೆ ಬಡಿದುಕೊಂಡಳು. ಏಳೂ ಮನೆಯವರು ಓಡಿಬಂದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ರೊಟ್ಟಿ ತಂದು ಉಣಿಸುತ್ತಾರೆ. ಹಾಗಾಗಿ ಹೇಳದೆ ಕೇಳದೆ ಬಂದ ರೊಟ್ಟಿಗೆ ಆ ಓಣಿಯಲ್ಲಿ ಇದ್ದದ್ದು ಒಂದೇ ಅರ್ಥ. ಇಬ್ಬರು ಹೆಂಗಸರು ಆಯಿಯ ಕೈ ಹಿಡಿದರು, ಒಬ್ಬಳು ನೀರು ತಂದಳು, ಎಲ್ಲರೂ ಅಳತೊಡಗಿದರು. ನಾನೂ ಅತ್ತೆ. ನನ್ನ ಅವ್ವ ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು, ಯಾರು ಸತ್ತರು ಎಂದು ತಿಳಿಯದೆ, ಆಯಿಯನ್ನು ತಬ್ಬಿಕೊಂಡು ಅವಳೂ ಅತ್ತಳು!

ಅದು ನಮ್ಮ ಹಬ್ಬದ ರೊಟ್ಟಿ, ಸಾವಿನದಲ್ಲ ಎಂಬ ನಿಜ ಹೊರಬೀಳುವ ಹೊತ್ತಿಗೆ ಬಿಸಿಲು ಏರಿತ್ತು. ಆಯಿ ತಾಟು ಎತ್ತಿ ಅಂಗಳಕ್ಕೆ ಎಸೆದಳು. ರೊಟ್ಟಿ ಕೆಸರಿನಲ್ಲಿ ಬಿದ್ದವು.

"ಇದ್ದ ಮಗನ್ನ ಸಾಯಿಸಿದ್ಯಲ್ಲ ಬೇ! ನಿಮ್ಮ ದೇಶದ ಹಬ್ಬ ನಿಮ್ಮ ದೇಶದಾಗ ಮಾಡ್ಕೋರಿ!"

ಹನ್ನೆರಡನೆಯ ದಿನ ಅವಳ ಮಗ ಹೆಗಲ ಮೇಲೆ ಒಂದು ಮರಿ ಹೊತ್ತುಕೊಂಡು ಸಿಳ್ಳೆ ಹಾಕುತ್ತ ಬಂದ. ಮೊದಲಿಗಿಂತ ದಪ್ಪಗಾಗಿದ್ದ. ಆಯಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಅಪಶಕುನ ತಂದವಳು ಎಂದು ಅವ್ವನ ಮುಖ ನೋಡುವುದನ್ನೇ ಬಿಟ್ಟಳು. ನಾನು ಹೂಂ ಅಂದದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ಹಬ್ಬದ ದಿನ ಸಂಜೆ ಅವ್ವ ಆರಿದ ರೊಟ್ಟಿಗಳ ಮುಂದೆ ಕೂತು, "ಏಳು ಮನಿ ಬ್ಯಾಡಾಗಿತ್ತು. ಒಂದ ಮನ್ಯಾಗಿಂದ ಒಂದ ತಾಟ ಬಂದಿದ್ರ ಸಾಕಿತ್ತು" ಎಂದಳು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತ್ತು.

ಮುಂದಿನ ವರ್ಷ ಅವ್ವ ರೊಟ್ಟಿ ಬಡಿಯುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಬಡಿದಳು. ಆದರೆ ಮುಂಬಾಗಿಲು ಮುಚ್ಚಿ ನನ್ನನ್ನು ಕರೆದಳು.

"ಆ ಬೀಸುಕಲ್ಲ ಐತೆಲ್ಲ, ಅದು ನಮ್ಮವ್ವನ ಮನಿ. ಹೋಗು, ಕೊಟ್ಟ ಬಾ."

ನಾನು ಅವಳ ಮುಖ ನೋಡಿದೆ. ತಮಾಷೆ ಇರಲಿಲ್ಲ. ಬೀಸುಕಲ್ಲಿನ ಮೇಲೆ ತಾಟು ಇಟ್ಟೆ. "ಹಂಗ ಇಟ್ಟ ಬರ್ತಾರೇನು? ಆಯೀ, ಆರಾಮ ಅದೀ ಏನು ಅಂತ ಕೇಳು" ಎಂದಳು. ಕೇಳಿದೆ. ನೀರಿನ ಗಡಿಗೆಗಳ ಸಾಲು ಬಾವಿ ಓಣಿಯ ದೊಡ್ಡವ್ವನ ಮನೆ. ಅಪ್ಪನ ಹಗ್ಗದ ಮೂಟೆ ಗೌಡರ ಮನೆ, ಅಲ್ಲಿ ಗಟ್ಟಿಯಾಗಿ ಮಾತಾಡಬಾರದು. ದೀಪದ ಮಾಡ ಪೂಜಾರಿಯದು. ಒಳಕಲ್ಲು, ಕಿಟಕಿಯ ಕೆಳಗಿನ ಸಂದೂಕು ಇಬ್ಬರು ಗೆಳತಿಯರವು. ಬಾಗಿಲ ಹಿಂದಿನ ಮೂಲೆ ಒಬ್ಬ ಜಿಪುಣ ಅತ್ತೆಯದು, ಅವಳು ಎರಡು ರೊಟ್ಟಿ ತೆಗೆದುಕೊಂಡು ಒಂದು ಕೊಡುವವಳಂತೆ. ನಾನು ಖಾಲಿ ತಾಟು ಹಿಡಿದು ತಿರುಗಿ ಬಂದರೆ ಅವ್ವ ಅದರಲ್ಲೇ ರೊಟ್ಟಿ ಇಟ್ಟು, "ನೋಡು, ನಿನ್ನ ದೊಡ್ಡವ್ವ ಏನ ಕೊಟ್ಟ ಕಳಿಸ್ಯಾಳ" ಎಂದು ನನ್ನ ಮುಂದೆ ಹಿಡಿಯುತ್ತಿದ್ದಳು. ಮೊದಮೊದಲು ಅಪ್ಪನಿಗೆ ಮುಜುಗರ. ಆಮೇಲೆ ಅವನೂ ಸೇರಿಕೊಂಡ. ಹಗ್ಗದ ಮೂಟೆಯ ಮೇಲೆ ಕೂತು ಗೌಡನ ದನಿಯಲ್ಲಿ, "ಯಾರಾ ಅದು, ಬಾ ಒಳಗ" ಎನ್ನುತ್ತಿದ್ದ.

ಹೀಗೆ ಮೂರು ವರ್ಷ. ಹೊರಗೆ ಮಳೆ, ಮುಚ್ಚಿದ ಬಾಗಿಲು, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದಿಷ್ಟು ಬೆಳಕು, ಅದರಲ್ಲಿ ತೇಲುವ ಹಿಟ್ಟಿನ ಪುಡಿ. ಆ ಬೆಳಕಿನಲ್ಲಿ ನಮ್ಮ ಮನೆಯ ಒಳಗೆ ಒಂದು ಊರೇ ಇತ್ತು. ನಾನು ಗಡಿಗೆಯಿಂದ ಮೂಟೆಗೆ, ಮೂಟೆಯಿಂದ ಮಾಡಕ್ಕೆ ನಡೆಯುವಾಗ ಕಾಲಿಗೆ ಡೋಣಿ ದಂಡೆಯ ಕರಿಮಣ್ಣು ತಾಗಿದ ಹಾಗೆ ಅನ್ನಿಸುತ್ತಿತ್ತು. ಮೊದಲ ವರ್ಷ ಅವ್ವನ ಹೊಟ್ಟೆಯಲ್ಲಿದ್ದ ನನ್ನ ತಂಗಿ ಶಹಾಪುರದಲ್ಲೇ ಹುಟ್ಟಿದಳು. ಅವಳಿಗೆ ನಮ್ಮೂರು ಎಂದರೆ ಬೀಸುಕಲ್ಲು, ಅಜ್ಜಿ ಎಂದರೂ ಬೀಸುಕಲ್ಲೇ. ನಾಲ್ಕು ಮೂಲೆಗಳ ಆಚೆ ಹಬ್ಬ ಇರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಆ ಮೂರೂ ವರ್ಷ ಅವ್ವ ಪಂಚಮಿಗೆ ತವರಿಗೆ ಹೋಗಲಿಲ್ಲ. ಶ್ರಾವಣದಲ್ಲಿ ಬಂಡಿಯ ಗಾಲಿ ಎರೆಯಲ್ಲಿ ಹೂತುಹೋಗುತ್ತಿತ್ತು, ಮೇಲೆ ನಾಕಾದ ತಕರಾರು. ಅದರ ಮರುವರ್ಷ ಅದೆಲ್ಲ ಬದಲಾಯಿತು. ನಾಕಾ ಎತ್ತಿದರು. ಎರಡೂ ಸೀಮೆ ಸೇರಿ ಒಂದೇ ರಾಜ್ಯ ಆಗುತ್ತದೆ ಎಂದು ಬಜಾರಿನಲ್ಲಿ ಮಾತು. ಕೆಂಭಾವಿಯ ಮೇಲೆ ಹಾದು ನಮ್ಮ ಕಡೆಗೆ ಹೋಗುವ ಬಸ್ಸು ಶುರುವಾಯಿತು. ಅವ್ವನ ಅಣ್ಣ, ನನ್ನ ಮಾವ, ರೊಟ್ಟಿ ಹಬ್ಬದ ದಿನವೇ ಕರೆಯಲು ಬರುತ್ತೇನೆ ಎಂದು ಹೇಳಿ ಕಳಿಸಿದ. ಅವ್ವ ಸಂದೂಕು ತುಂಬಿದಳು. ಗೆಳತಿಯ ಮನೆ ಹೊರಡಾಕತ್ತೈತಿ ಎಂದು ಅಪ್ಪ ನಗೆಯಾಡಿದ. ಆ ಬೆಳಿಗ್ಗೆ ಅವ್ವ ರೊಟ್ಟಿ ಬಡಿದದ್ದು ಮೂಲೆಗಳಿಗಲ್ಲ, ತನ್ನ ಅವ್ವನಿಗೆ ಒಯ್ಯಲು. ಬಡಿಯುತ್ತ ಏನೋ ಗುನುಗುತ್ತಿದ್ದಳು.

ಮಾವ ಮಧ್ಯಾಹ್ನದ ಬಸ್ಸಿಗೆ ಬಂದ. ತಲೆಯ ಮೇಲೆ ರುಮಾಲು ಇರಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ ತಿರುಗಿ ನೋಡಿದಳು, ಅವನ ಬರಿದಾದ ತಲೆ, ಸೂತಕದ ಆ ಗುರುತು ನೋಡಿದಳು. ಅವನು ಹೇಳುವ ಮೊದಲೇ ಅವಳಿಗೆ ತಿಳಿಯಿತು.

"ಅವ್ವ ಮೊನ್ನಿ ಹೋದ್ಳ ತಂಗಿ" ಎಂದ ಮಾವ. "ಮಳಿ ಹಿಡದಿತ್ತು. ಇಡಾಕ ಆಗಲಿಲ್ಲ, ಮಣ್ಣ ಮಾಡಿ ಬಂದೀನಿ. ನಿನ್ನ ದಾರಿ ನೋಡ್ಕೋತ ಇದ್ಳು."

ಅವ್ವ ಚೊಂಬಿನ ನೀರನ್ನು ಒಲೆಯ ಕೆಂಡದ ಮೇಲೆ ಸುರಿದಳು. ಹೊಗೆ ಎದ್ದು ಅವಳ ಮುಖ ಮುಚ್ಚಿತು. ಆಮೇಲೆ ಅವಳ ದನಿ ಬಂತು. ಆ ದನಿ ಗೋಡೆ ದಾಟಿ ಹೋಯಿತು. ಮುಂದಿನ ಬಸ್ಸು ಬೆಳಿಗ್ಗೆಯೇ. ಅಲ್ಲಿಯವರೆಗೆ ಮಾಡುವುದೇನೂ ಇರಲಿಲ್ಲ. ಅಪ್ಪ ಅತ್ತ ಇತ್ತ ಓಡಾಡಿದ. ಅವ್ವ ಬೀಸುಕಲ್ಲಿಗೆ ಒರಗಿ ಕೂತಳು.

ಗೋಧೂಳಿಯ ಹೊತ್ತಿಗೆ ಹೊಸ್ತಿಲಲ್ಲಿ ನೆರಳು ಬಿತ್ತು. ಪಕ್ಕದ ಆಯಿ. ನಾಲ್ಕು ವರ್ಷದಲ್ಲಿ ಅವಳು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಕೈಯಲ್ಲಿ ತಾಟು, ಮೇಲೆ ಅರಿವೆ.

"ಒಲಿ ಹಚ್ಚಬ್ಯಾಡ ತಂಗಿ" ಎಂದಳು. ಒಳಗೆ ಬಂದು ಅವ್ವನ ಪಕ್ಕ ನೆಲಕ್ಕೆ ಕೂತು, ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿ ಅವ್ವನ ಬಾಯಿಗೆ ಹಿಡಿದಳು. "ತಿನ್ನು. ತಾಯಿ ಹೋದವ್ರು ಉಪಾಸ ಇರಬಾರದು."

ಅವಳ ಹಿಂದೆ ಇನ್ನೊಬ್ಬರು. ಇನ್ನೊಬ್ಬರು. ಒಬ್ಬೊಬ್ಬರಾಗಿ ಏಳೂ ಮನೆಯವರು ತಾಟು ಹಿಡಿದು ಬಂದರು. ಪಡಸಾಲೆಯಲ್ಲಿ ಬಿಳಿ ಅರಿವೆಯ ತಾಟುಗಳು ಸಾಲಾಗಿ ನಿಂತವು. ಆಗ ನನ್ನ ತಂಗಿ, ನಾಲ್ಕರ ಹತ್ತಿರದ ಕೂಸು, ಆ ಸಾಲು ನೋಡಿ ಎರಡೂ ಕೈ ತಟ್ಟಿ ಕುಣಿದಳು.

"ಅವ್ವಾ! ಹಬ್ಬದ ರೊಟ್ಟಿ ಬಂದ್ವು! ಎಲ್ಲಾರ ಮನ್ಯಾಗಿಂದೂ ಬಂದ್ವು!"

ಅಪ್ಪ ಅವಳ ಬಾಯಿ ಮುಚ್ಚಲು ಹೋದ. ಅವ್ವ ಅವನ ಕೈ ಸರಿಸಿ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡಳು. "ಹೌದವ್ವ, ಬಂದ್ವು. ತಿನ್ನು ಬಾ" ಎಂದಳು.

"ಏನ್ ಹಬ್ಬ?" ಎಂದು ಆಯಿ ಕೇಳಿದಳು.

ಅವ್ವ ಹೇಳಿದಳು. ಅಳುತ್ತಲೇ, ನಡುನಡುವೆ ಮೂಗು ಒರೆಸಿಕೊಳ್ಳುತ್ತ, ತನ್ನ ಊರಿನ ರೊಟ್ಟಿ ಹಬ್ಬದ ಬಗ್ಗೆ ಮೊದಲ ಸಲ ಆ ಓಣಿಯ ಹೆಂಗಸರಿಗೆ ಹೇಳಿದಳು. ನಾಲ್ಕು ವರ್ಷದ ಹಿಂದೆ ಕೂಗಾಟದಲ್ಲಿ ಯಾರ ಕಿವಿಗೂ ಬೀಳದ ಮಾತು. ತಾಟು ಹೋಗಬೇಕು, ತಾಟು ಬರಬೇಕು. ತನ್ನ ಅವ್ವ ಎಷ್ಟು ತೆಳ್ಳಗೆ ಬಡಿಯುತ್ತಿದ್ದಳು. ಯಾರ ಮನೆಗೆ ಮೊದಲು ಕಳಿಸುತ್ತಿದ್ದಳು. ಆಯಿ ಕೇಳುತ್ತ ಕೇಳುತ್ತ ನನ್ನ ಕಡೆ ತಿರುಗಿದಳು.

"ಮತ್ತ ಈ ಹುಡುಗಿ ಸುದ್ದಿ ಬಂದದ ಅಂತ ಹೂಂ ಅಂದಿತ್ತಲ್ಲ?"

ಅವ್ವ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ನನಗೆ ಬೈಗುಳ ಬೇಕಾಗಿತ್ತು, ನಾಲ್ಕು ವರ್ಷದಿಂದ ಅದಕ್ಕಾಗಿ ಕಾದಿದ್ದೆ. ಬರಲಿಲ್ಲ. ಅಳುತ್ತಿದ್ದ ಅವ್ವನ ಮುಖದಲ್ಲಿ ಒಂದು ಗಳಿಗೆ ನಗೆ ಬಂದು ಹೋಯಿತು, ಆಯಿಗೂ ಬಂತು. ಇಬ್ಬರೂ ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡರು.

ಬೆಳಿಗ್ಗೆ ಅವ್ವ ಏಳು ಮನೆಯಿಂದ ಬಂದು ಉಳಿದಿದ್ದ ರೊಟ್ಟಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ನಾನೂ ಜೊತೆಗಿದ್ದೆ. ಕೆಂಭಾವಿ ದಾಟಿ ಬಹಳ ಹೊತ್ತಾದ ಮೇಲೆ ಅವ್ವ ಮಾವನನ್ನು ಕೇಳಿದಳು.

"ನಾಕಾ ಎಲ್ಲಿ?"

"ನಾಕಾ ಇದ್ದ ಜಾಗಾ ಆಗಲೇ ಹಿಂದ ಹೋತಲ್ಲವ್ವ."

ಅವಳು ಗಂಟು ಬಿಚ್ಚಿಸುತ್ತಾರೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು. ನಾನು ಹಿಂತಿರುಗಿ ನೋಡಿದೆ. ಎರಡೂ ಕಡೆ ಒಂದೇ ಥರದ ಹೊಲ, ಒಂದೇ ಮಳೆ.

ನಾನು ತೀರ ಚಿಕ್ಕವಳಿದ್ದಾಗ ಕಂಡಿದ್ದ ಅಜ್ಜಿಯ ಊರು, ನಮ್ಮೂರಿನ ನೆರೆಯದು, ನಮ್ಮ ಮನೆಯ ಮೂಲೆಗಳ ಹಾಗೆ ಇರಲಿಲ್ಲ. ಗೌಡರ ಮನೆ ಬಲಕ್ಕಿರಬೇಕಿತ್ತು, ಎಡಕ್ಕಿತ್ತು. ಬಾಗಿಲ ಹಿಂದಿನ ಅತ್ತೆ ಜಿಪುಣಿಯಾಗಿರಲಿಲ್ಲ, ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಜ್ಜಿಯ ಅಡಿಗೆಮನೆಯಲ್ಲಿ ಒಲೆ ತಣ್ಣಗಿತ್ತು. ಅವ್ವ ಗಂಟು ಬಿಚ್ಚಿ ಎಲ್ಲರಿಗೂ ಒಂದೊಂದು ರೊಟ್ಟಿ ಕೊಟ್ಟಳು.

"ಜೋಳ ಬ್ಯಾರೆ ಐತಿ. ಯಾರ ಮನೀವು?" ಎಂದು ನನ್ನ ಅತ್ತೆ, ಮಾವನ ಹೆಂಡತಿ, ಕೇಳಿದಳು.

"ನಮ್ಮ ಓಣ್ಯಾನವು" ಎಂದಳು ಅವ್ವ.

ಅಲ್ಲಿಯವರೆಗೆ ಶಹಾಪುರದ ಯಾವುದನ್ನೂ ಅವಳು ನಮ್ಮದು ಎಂದದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ವರ್ಷದ ರೊಟ್ಟಿ ಹಬ್ಬ. ಅವ್ವ ರೊಟ್ಟಿ ಬಡಿದು ಇಟ್ಟಿದ್ದಳು, ಆದರೆ ಯಾರಿಗೂ ಏನೂ ಹೇಳಿರಲಿಲ್ಲ. ಬಾಗಿಲು ಮುಚ್ಚಲೂ ಇಲ್ಲ, ನನ್ನನ್ನು ಕಳಿಸಲೂ ಇಲ್ಲ. ಸೆರಗಿಗೆ ಕೈ ಒರೆಸುತ್ತ ಸುಮ್ಮನೆ ನಿಂತಿದ್ದಳು. ಹೊರಗೆ ಬೆಟ್ಟದ ಮುಖ ಆಗತಾನೆ ಹೊಗೆಯಿಂದ ಬಿಡಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಓಣಿಗೆಲ್ಲ ಕೇಳುವ ಹಾಗೆ ಒಂದು ಕೂಗು.

"ಏ ತಂಗೀ! ಯಾರೂ ಸತ್ತಿಲ್ಲ ಬೇ! ಎಲ್ಲಾರೂ ಆರಾಮ ಅದೀವಿ! ರೊಟ್ಟಿ ತಗೋ!"

ಆಯಿ ಅಂಗಳದಲ್ಲಿ ನಿಂತಿದ್ದಳು, ಎರಡೂ ಕೈಯಲ್ಲಿ ತಾಟು. ಹಿಂದೆ ಅವಳ ಮಗ ಹಲ್ಲು ಕಿರಿಯುತ್ತ ನಿಂತಿದ್ದ, ಸತ್ತಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಅವನನ್ನು ಮುದ್ದಾಂ ಕರೆತಂದಿದ್ದಳು. ಓಣಿ ಇಡೀ ನಕ್ಕಿತು. ಅವ್ವ ತಾಟು ತೆಗೆದುಕೊಂಡಳು, ನಗಲು ಹೋಗಿ ಅತ್ತಳು, ಅಳುತ್ತಲೇ ಒಳಗೆ ಓಡಿ ಅದೇ ತಾಟಿನಲ್ಲಿ ನಮ್ಮ ರೊಟ್ಟಿ ತುಂಬಿ ತಂದಳು. ಆವತ್ತಿನಿಂದ ನಮ್ಮ ಓಣಿಯಲ್ಲಿ ಅದೇ ಪದ್ಧತಿಯಾಯಿತು. ತಾಟು ಕೊಡುವ ಮೊದಲು ಹೊಸ್ತಿಲಾಚೆಯಿಂದ "ಎಲ್ಲಾರೂ ಆರಾಮ ಅದೀವಿ" ಎಂದು ಕೂಗಬೇಕು. ಅಜ್ಜಿಯ ಊರಲ್ಲಿ ಅದಿಲ್ಲ, ಅದು ನಮ್ಮದೇ.

ಸಂಜೆಗೆ ಏಳು ಮನೆಯ ರೊಟ್ಟಿ ಬಂದು ಸೇರಿದ್ದವು. ಅವ್ವ ಏಳರಲ್ಲೂ ಒಂದೊಂದು ಚೂರು ಮುರಿದು, ಒಂದು ತಾಟಿನಲ್ಲಿಟ್ಟು, ತಂಗಿಯ ಕೈಗೆ ಕೊಟ್ಟಳು. ತಂಗಿಗೆ ಎಲ್ಲಿಗೆ ಎಂದು ಹೇಳಬೇಕಾಗಿರಲಿಲ್ಲ. ಅವಳು ಬೀಸುಕಲ್ಲಿನ ಮೇಲೆ ಇಟ್ಟು, "ಆಯೀ, ಆರಾಮ ಅದೀ ಏನು?" ಎಂದು ಕೇಳಿ ಬಂದಳು. ಆಮೇಲೆ ನಾವು ನಾಲ್ವರೂ ಊಟಕ್ಕೆ ಕೂತೆವು. ಅವತ್ತು ನಮ್ಮ ಮನೆಯ ರೊಟ್ಟಿಯನ್ನು ನಾವು ಒಂದೂ ತಿನ್ನಲಿಲ್ಲ.